ಐವತ್ತಾರು ನಿಮಿಷ, ಇಪ್ಪತ್ತನಾಲ್ಕು ಸೆಕೆಂಡು

2019ರ ಜುಲೈ 14, ಭಾನುವಾರ. ಆ ರಾತ್ರಿ ನಿದ್ದೆಗೆಡಲು ನಮ್ಮ ಜನಕ್ಕೆ ಎರಡು ಕಾರಣಗಳಿದ್ದವು. ಒಂದು, ಲಾರ್ಡ್ಸ್ ಮೈದಾನದ ವಿಶ್ವಕಪ್ ಫೈನಲ್. ಸೆಮಿಫೈನಲ್‌ನಲ್ಲೇ ಭಾರತ ನ್ಯೂಜಿಲೆಂಡಿಗೆ ಸೋತಿದ್ದರಿಂದ ನೋಡುವವರು ಅರ್ಧ ಮುನಿಸಿನಲ್ಲೇ ನೋಡುತ್ತಿದ್ದರು. ಇನ್ನೊಂದು, ಬೆಳಗಿನ ಜಾವ 2 ಗಂಟೆ 51 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಹೊರಡಬೇಕಿದ್ದ ಚಂದ್ರಯಾನ-2. ಬೆಂಗಳೂರಿನ ಪೀಣ್ಯದಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ನಡೆಸುವ ಅಪ್ಪನೂ ನಾಲ್ಕನೇ ತರಗತಿಯ ಮಗಳೂ ಈ ಎರಡನೆಯ ಕಾರಣ ಹಿಡಿದು ಮನೆ ಬಿಟ್ಟಿದ್ದರು.

ಅಜ್ಜಿಗೆ ಇದು ಒಪ್ಪಿಗೆಯಾಗಿರಲಿಲ್ಲ. "ಟೀವೀಲಿ ತೋರ್ಸಲ್ವೇನೋ? ಮಗೂನ ಎಳ್ಕೊಂಡು ನಡುರಾತ್ರೀಲಿ ಯಾವ್ದೋ ಊರಿಗೆ ಹೋಗ್ಬೇಕಾ?" ಮಾತು ನ್ಯಾಯವಾಗಿಯೇ ಇತ್ತು. ಟೀವಿಯಲ್ಲಿ ರಾಕೆಟ್ಟು ಹತ್ತಿರದಿಂದ ಕಾಣುತ್ತದೆ, ಬೆಂಕಿ ಚೆನ್ನಾಗಿ ಕಾಣುತ್ತದೆ, ವಿವರಣೆ ಕೊಡುವವರೂ ಇರುತ್ತಾರೆ. ಕಾಫಿಯೂ ಸಿಗುತ್ತದೆ. ಅಪ್ಪನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ಮಗಳ ಹತ್ತಿರ ಇತ್ತು: "ಟೀವೀಲಿ ಸೌಂಡು ಕಮ್ಮಿ, ಅಜ್ಜಿ."

ಪೀಣ್ಯದವರು ರಾಕೆಟ್ಟು ನೋಡಲು ಆಂಧ್ರಕ್ಕೆ ಹೋಗುವುದರಲ್ಲಿ ಒಂದು ತಮಾಷೆಯಿದೆ. ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಇದೇ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. ಉಡುಪಿ ಹತ್ತಿರದ ಅದಮಾರಿನಿಂದ ಬಂದ ಯು. ಆರ್. ರಾವ್ ಮತ್ತು ಅವರ ತಂಡ ಮೂರು ವರ್ಷಗಳ ಆಸುಪಾಸಿನಲ್ಲಿ ಅದನ್ನು ಕಟ್ಟಿ ಮುಗಿಸಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟೊಂದು ಅದನ್ನು ಮೇಲಕ್ಕೊಯ್ದಿತು. ಇಂದಿಗೂ ಇಸ್ರೋದ ಉಪಗ್ರಹಗಳ ಮೇಲೆ ಕಣ್ಣಿಡುವ ಇಸ್ಟ್ರಾಕ್ ಕೇಂದ್ರ ಇರುವುದು ಪೀಣ್ಯದಲ್ಲೇ. ಅಪ್ಪನ ವರ್ಕ್‌ಶಾಪಿಗೂ ಅದಕ್ಕೂ ಸಂಬಂಧವೇನಿಲ್ಲ. ಅವನು ನೀರೆತ್ತುವ ಪಂಪಿನ ಶಾಫ್ಟುಗಳನ್ನು ಜಾಬ್ ವರ್ಕಿಗೆ ಕಡೆದುಕೊಡುತ್ತಾನೆ. ಆದರೂ ಆ ಕಾಂಪೌಂಡಿನ ಮುಂದೆ ಸ್ಕೂಟರಿನಲ್ಲಿ ಹೋಗುವಾಗಲೆಲ್ಲ ಮಗಳಿಗೆ ಕೈ ತೋರಿಸುತ್ತಿದ್ದ. ಹಾಗೆ ತೋರಿಸಿದ್ದೇ ಈ ಪ್ರಯಾಣಕ್ಕೆ ಮೂಲ ಎಂದು ಮನೆಯಲ್ಲಿ ಅವನ ಮೇಲೆ ಆರೋಪವಿದೆ.

ಶ್ರೀಹರಿಕೋಟಾದಲ್ಲಿ ಜನಸಾಮಾನ್ಯರು ಕೂತು ನೋಡಲೆಂದೇ ಒಂದು ಗ್ಯಾಲರಿ ತೆರೆದದ್ದು ಆ ವರ್ಷದ ಮಾರ್ಚ್ ಕೊನೆಯಲ್ಲಿ. ಅದಕ್ಕೂ ಮುಂಚೆ ಪಾಸು ಸಿಕ್ಕ ಕೆಲವರನ್ನು ಬಿಟ್ಟರೆ ಉಳಿದವರು ಮನೆಗಳ ತಾರಸಿಯ ಮೇಲೆ, ಪುಲಿಕಾಟ್ ಸರೋವರದ ನಡುವಿನ ರಸ್ತೆಯ ಬದಿಯಲ್ಲಿ, ಪಳವೇರ್ಕಾಡಿನ ಸಮುದ್ರ ದಂಡೆಯಲ್ಲಿ ನಿಂತು ನೋಡಬೇಕಿತ್ತು. ಈಗ ಆನ್‌ಲೈನಿನಲ್ಲಿ ಹೆಸರು ಕೊಟ್ಟರಾಯಿತು. ಕೊಡುವುದಕ್ಕೇ ಪೈಪೋಟಿ, ಅದು ಬೇರೆ ಮಾತು. ಅಪ್ಪ ಬಲಗೈ ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತುವುದನ್ನು ನೋಡಲಾರದೆ ಮಗಳೇ ಫೋನು ಕಿತ್ತುಕೊಂಡು ಫಾರಂ ತುಂಬಿದಳು.

ಬೆಂಗಳೂರಿನಿಂದ ಚೆನ್ನೈಗೆ ರೈಲು. ಅಲ್ಲಿಂದ ಉತ್ತರಕ್ಕೆ ಹೋಗುವ ಲೋಕಲ್ ಹಿಡಿದು ಸೂಳ್ಳೂರುಪೇಟೆಗೆ, ಹೆಚ್ಚುಕಡಿಮೆ ಎರಡು ಗಂಟೆ. ಆಗ ನೆಲ್ಲೂರು ಜಿಲ್ಲೆಯಲ್ಲಿದ್ದ ಈ ಪಟ್ಟಣ ಈಗ ತಿರುಪತಿ ಜಿಲ್ಲೆಗೆ ಸೇರಿದೆ. ಇಲ್ಲಿನ ಚೆಂಗಾಳಮ್ಮನ ಗುಡಿಗೆ ಇಸ್ರೋದ ಅಧ್ಯಕ್ಷರೇ ಉಡಾವಣೆಗೆ ಮುಂಚೆ ಬಂದು ಹೋಗುವುದುಂಟು. ಇದನ್ನು ಹಿಡಿದು ಪ್ರತಿ ಸಲ ಚರ್ಚೆ ಎದ್ದು ತಣ್ಣಗಾಗುತ್ತದೆ. ಅಪ್ಪನಿಗೆ ಅದರಲ್ಲಿ ತಕರಾರಿಲ್ಲ. ಆಯುಧಪೂಜೆಯ ದಿನ ಲೇತಿಗೆ ಕುಂಬಳಕಾಯಿ ಒಡೆದು, ಮರುದಿನ ಮೈಕ್ರೋಮೀಟರ್ ಹಿಡಿದು ನೂರರಲ್ಲೊಂದು ಮಿಲಿಮೀಟರ್ ಹೆಚ್ಚುಕಡಿಮೆಗೆ ಜಗಳ ಕಾಯುವವನು ಅವನು.

ಸೂಳ್ಳೂರುಪೇಟೆಯಿಂದ ಶ್ರೀಹರಿಕೋಟಾ ದ್ವೀಪಕ್ಕೆ ಹೋಗುವ ರಸ್ತೆ ಪುಲಿಕಾಟ್ ಸರೋವರವನ್ನು ಸೀಳಿಕೊಂಡು ಹೋಗುತ್ತದೆ. ಚಿಲಿಕಾ ಬಿಟ್ಟರೆ ನಮ್ಮ ದೇಶದ ಅತಿ ದೊಡ್ಡ ಉಪ್ಪುನೀರಿನ ಸರೋವರ ಇದೇ. ಇಲ್ಲಿ ಸಾವಿರಾರು ಫ್ಲೆಮಿಂಗೋಗಳು ಗುಲಾಬಿ ಬಣ್ಣ ಹೊತ್ತು ನಿಂತಿರುತ್ತವೆ ಎಂದು ಅಪ್ಪ ಎಲ್ಲೋ ಓದಿ ಮಗಳಿಗೆ ಆಸೆ ಹುಟ್ಟಿಸಿದ್ದ. ನಿಂತಿರುತ್ತವೆ ನಿಜ, ಚಳಿಗಾಲದಲ್ಲಿ. ಜುಲೈ ತಿಂಗಳಲ್ಲಿ ಬಸ್ಸಿನ ಎರಡೂ ಕಿಟಕಿಗಳಾಚೆ ಕಂಡದ್ದು ಬಿರಿದ ಕೆಸರು, ಒಂದಿಷ್ಟು ನೀರು, ಹೊಟ್ಟೆಪಾಡಿಗೆ ಅಲೆಯುವ ಎಮ್ಮೆಗಳು.

ಬಸ್ಸಿನಲ್ಲೇ ಮಗಳು ಒಂದು ಪ್ರಶ್ನೆ ಎತ್ತಿದಳು. "ಅಪ್ಪ, ನಮ್ ಮಂಗಳೂರಲ್ಲೂ ಸಮುದ್ರ ಇದೆಯಲ್ಲ. ಅಲ್ಲಿಂದ್ಲೇ ಹಾರಿಸ್ಬೋದಿತ್ತು."

ಒಳ್ಳೆಯ ಪ್ರಶ್ನೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಶ್ರೀಹರಿಕೋಟಾ ಇರುವ ಅಕ್ಷಾಂಶದಲ್ಲಿ ಆ ತಿರುಗುವ ವೇಗ ಗಂಟೆಗೆ ಸುಮಾರು 1,600 ಕಿಲೋಮೀಟರ್. ಪೂರ್ವಕ್ಕೆ ಹಾರುವ ರಾಕೆಟ್ಟಿಗೆ ಅಷ್ಟು ವೇಗ ಪುಕ್ಕಟೆ ಸಿಗುತ್ತದೆ. ಸಮಭಾಜಕಕ್ಕೆ ಹತ್ತಿರವಾದಷ್ಟೂ ಈ ಲಾಭ ಹೆಚ್ಚು. ಆ ಲೆಕ್ಕಕ್ಕೆ ಮಂಗಳೂರು ಶ್ರೀಹರಿಕೋಟಾಕ್ಕಿಂತ ಒಂದು ಕೈ ಮೇಲೇ. ಆದರೆ ಮಂಗಳೂರಿನಿಂದ ಪೂರ್ವಕ್ಕೆ ಹಾರಿಸಿದರೆ ಕೆಳಗೆ ಸಮುದ್ರವಿಲ್ಲ, ಹಾಸನವಿದೆ, ತುಮಕೂರಿದೆ. ಉರಿದು ಮುಗಿದ ಹಂತಗಳು ಯಾರ ಅಡಿಕೆ ತೋಟಕ್ಕೆ ಬೀಳುತ್ತವೋ ಹೇಳಲಾಗದು. ಬಂಗಾಳ ಕೊಲ್ಲಿಯ ಮೇಲಾದರೆ ಮೀನುಗಾರರಿಗೆ ಮೊದಲೇ ಎಚ್ಚರಿಕೆ ಕೊಟ್ಟರಾಯಿತು. 1969ರಲ್ಲಿ ಈ ದ್ವೀಪವನ್ನು ಆರಿಸಿದ್ದರ ಹಿಂದೆ ಇದ್ದದ್ದು ಮುಖ್ಯವಾಗಿ ಇದೇ ಲೆಕ್ಕ. 1971ರ ಅಕ್ಟೋಬರ್ 9ರಂದು ರೋಹಿಣಿ ಎಂಬ ಪುಟ್ಟ ರಾಕೆಟ್ಟಿನೊಂದಿಗೆ ಇಲ್ಲಿಂದ ಹಾರಾಟ ಶುರುವಾಯಿತು. ದ್ವೀಪದಲ್ಲಿ ಮೊದಲಿನಿಂದ ಬದುಕಿದ್ದ ಯಾನಾದಿ ಜನ ಜಾಗ ಬಿಟ್ಟುಕೊಡಬೇಕಾಯಿತು ಎಂಬುದೂ ಈ ಕತೆಯ ಭಾಗವೇ. ಗ್ಯಾಲರಿಗೆ ಬರುವ ಮಕ್ಕಳಿಗೆ ರಾಕೆಟ್ಟಿನ ಎತ್ತರ, ತೂಕ ಹೇಳಿಕೊಡುವವರು ಇದನ್ನೂ ಹೇಳುವುದು ಒಳ್ಳೆಯದು.

ಗ್ಯಾಲರಿ ಎಂದರೆ ಮೆಟ್ಟಿಲು ಮೆಟ್ಟಿಲಾದ ಆಸನಗಳ, ಕ್ರೀಡಾಂಗಣದಂಥ ಬಯಲು ಜಾಗ. ಎದುರಿಗೆ ದೊಡ್ಡ ಪರದೆ, ಅದರಾಚೆ ಮರಗಳ ಸಾಲು, ಅವುಗಳಾಚೆ ಎಲ್ಲೋ ರಾಕೆಟ್ಟು. ಹುಣ್ಣಿಮೆಗೆ ಎರಡೇ ದಿನವಿತ್ತು. ಹೋಗಬೇಕಾದ ಊರು ತಲೆಯ ಮೇಲೆಯೇ ಇದ್ದುದರಿಂದ ಮಕ್ಕಳಿಗೆ ದಿಕ್ಕು ತೋರಿಸುವ ಕೆಲಸ ಸುಲಭವಾಯಿತು. ತಮಿಳು, ತೆಲುಗು, ಮರಾಠಿ, ಕನ್ನಡ, ಎಲ್ಲ ಭಾಷೆಯ ಅಪ್ಪಂದಿರೂ ಅವತ್ತು ಖಗೋಳಶಾಸ್ತ್ರಜ್ಞರು.

ಅಂದು ನಿಂತಿದ್ದ ರಾಕೆಟ್ಟು ಜಿಎಸ್‌ಎಲ್‌ವಿ ಮಾರ್ಕ್-3. ಪತ್ರಿಕೆಗಳು ಇಟ್ಟ ಹೆಸರು ಬಾಹುಬಲಿ. ತೆಲುಗು ಸಿನಿಮಾದ ಪ್ರಭಾವ ಅದು. ಕನ್ನಡಿಗರಿಗೆ ನೆನಪಾಗುವ ಬಾಹುಬಲಿಯೇ ಬೇರೆ. ಅಪ್ಪ ಅದೇ ಲೆಕ್ಕ ಹಾಕಿದ: ಶ್ರವಣಬೆಳಗೊಳದ ಗೊಮ್ಮಟ 57 ಅಡಿ, ಈ ರಾಕೆಟ್ಟು 142 ಅಡಿ, ಅಂದರೆ ಎರಡೂವರೆ ಗೊಮ್ಮಟ. ತೂಕ 640 ಟನ್. ಅದರ ತುದಿಯಲ್ಲಿ ಕೂತ ನೌಕೆ ನಾಲ್ಕು ಟನ್ನಿಗೂ ಕಡಿಮೆ, 3,850 ಕಿಲೋ. ಉಳಿದದ್ದರಲ್ಲಿ ಬಹುಪಾಲು ಇಂಧನ. ಅದರಲ್ಲೂ ಎರಡು ಪಕ್ಕಗಳಲ್ಲಿ ನಿಂತ ಕೊಳವೆಗಳಲ್ಲಿ ತಲಾ 200 ಟನ್ನಿನಷ್ಟು ಘನ ಇಂಧನ. ಮೊದಲು ಹೊತ್ತಿಕೊಳ್ಳುವವು ಇವೇ. ನಡುವಿನ ದ್ರವ ಇಂಧನದ ಎಂಜಿನ್ನುಗಳು ಉರಿಯತೊಡಗುವುದು ನೆಲ ಬಿಟ್ಟು ಸುಮಾರು 110 ಸೆಕೆಂಡುಗಳಾದ ಮೇಲೆ, ಆಕಾಶದಲ್ಲೇ. ತಲೆಯ ಭಾಗದಲ್ಲಿರುವ ಕ್ರಯೋಜೆನಿಕ್ ಹಂತದಲ್ಲಿ ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್.

"ಮೈನಸ್ ಇನ್ನೂರ ಐವತ್ಮೂರಾ?" ಎಂದ ಅಪ್ಪ. ಇಡೀ ರಾತ್ರಿಯಲ್ಲಿ ಅವನನ್ನು ನಿಜವಾಗಿ ಬೆಚ್ಚಿಬೀಳಿಸಿದ ಅಂಕಿ ಅದೊಂದೇ. ಬೇಸಿಗೆಯಲ್ಲಿ ಒಂದಿಷ್ಟು ಬಿಸಿಗೆ ಶಾಫ್ಟಿನ ಅಳತೆ ವ್ಯತ್ಯಾಸವಾದರೆ ಗಿರಾಕಿ ವಾಪಸ್ ಕಳಿಸುವುದನ್ನು ಕಂಡವನಿಗೆ, ಅಷ್ಟು ಚಳಿಯಲ್ಲಿ ಲೋಹ ಎಷ್ಟು ಕುಗ್ಗೀತು, ಯಾವ ಜೋಡಣೆ ಎಲ್ಲಿ ಸಡಿಲಾದೀತು ಎಂಬ ಯೋಚನೆ ಹತ್ತಿತು. ಸುತ್ತಲಿನವರು ಬೆಂಕಿಗೆ ಕಾಯುತ್ತಿದ್ದರೆ ಅವನು ವಾಷರುಗಳ ಬಗ್ಗೆ ಚಿಂತಿಸುತ್ತ ಕೂತ.

ಮಧ್ಯರಾತ್ರಿಯ ಹೊತ್ತಿಗೆ ಲಾರ್ಡ್ಸ್‌ನಲ್ಲಿ ಪಂದ್ಯ ಸಮವಾಯಿತು. ಎರಡೂ ಕಡೆ 241. ಆಮೇಲೆ ಸೂಪರ್ ಓವರಿನಲ್ಲೂ ಸಮ, 15ಕ್ಕೆ 15. ಕೊನೆಗೆ ಹೆಚ್ಚು ಬೌಂಡರಿ ಹೊಡೆದವರು ಎಂದು ಇಂಗ್ಲೆಂಡಿಗೆ ಕಪ್ಪು ಕೊಟ್ಟರು. ಮೆಟ್ಟಿಲಿನ ಮೇಲೆ ನಾಲ್ಕೈದು ತಲೆ ಒಂದೇ ಫೋನಿನ ಮೇಲೆ ಬಗ್ಗಿದ್ದವು. ಇದೆಂಥ ನ್ಯಾಯ ಎಂದು ಅಪರಿಚಿತರೆಲ್ಲ ಸೇರಿ ಬೈದುಕೊಳ್ಳುತ್ತಿದ್ದಂತೆ ರಾತ್ರಿ ಒಂದು ದಾಟಿತು. ಮಗಳು ಅಪ್ಪನ ತೊಡೆಯ ಮೇಲೆ ತಲೆಯಿಟ್ಟಿದ್ದಳು, ಕಣ್ಣು ಮಾತ್ರ ಪರದೆಯ ಗಡಿಯಾರದ ಮೇಲೆ.

ಆ ಗಡಿಯಾರ 56 ನಿಮಿಷ 24 ಸೆಕೆಂಡಿಗೆ ಬಂದು ನಿಂತಿತು.

ಮೊದಲು ಯಾರಿಗೂ ಗೊತ್ತಾಗಲಿಲ್ಲ. ಪರದೆ ಕೆಟ್ಟಿರಬೇಕು ಎಂದುಕೊಂಡವರೇ ಹೆಚ್ಚು. ಸ್ವಲ್ಪ ಹೊತ್ತಿಗೆ ಧ್ವನಿವರ್ಧಕದಲ್ಲಿ ಸುದ್ದಿ ಬಂತು. ರಾಕೆಟ್ಟಿನಲ್ಲಿ ತಾಂತ್ರಿಕ ತೊಂದರೆ ಕಂಡಿದೆ, ಇವತ್ತು ಉಡಾವಣೆ ಇಲ್ಲ, ಮುಂದಿನ ದಿನಾಂಕ ಆಮೇಲೆ ತಿಳಿಸುತ್ತೇವೆ. ರಾಷ್ಟ್ರಪತಿ ರಾಮನಾಥ ಕೋವಿಂದ್ ಕೂಡ ಅವತ್ತು ಶ್ರೀಹರಿಕೋಟಾಕ್ಕೆ ಬಂದಿದ್ದರು. ಅವರೂ ಹಾಗೆಯೇ ಹಿಂತಿರುಗಿದರು. ಗ್ಯಾಲರಿಯ ಸಾವಿರಾರು ಜನ ಎದ್ದು ಪ್ಯಾಂಟು ಕೊಡವಿಕೊಂಡರು. ಕೆಲವು ಮಕ್ಕಳು ಅತ್ತವು. ಕೆಲವು ದೊಡ್ಡವರು ಮಕ್ಕಳಿಗಿಂತ ಹೆಚ್ಚು ಗೊಣಗಿದರು. ಒಂದಿಷ್ಟು ರಿಪೇರಿ ಮಾಡಿ ಬೆಳಗಾಗುವುದರೊಳಗೆ ಬಿಟ್ಟುಬಿಡಬಾರದೇ ಎಂದು ಯಾರೋ ಕೇಳುತ್ತಿದ್ದರು. ಹಾಗೆ ಆಗುವುದಿಲ್ಲ. ಇಂಧನ ತುಂಬಿದ ರಾಕೆಟ್ಟಿನ ಹತ್ತಿರ ಸ್ಪ್ಯಾನರ್ ಹಿಡಿದು ಹೋಗಲಾಗದು. ತುಂಬಿದ್ದನ್ನೆಲ್ಲ ಮೊದಲು ಬಸಿದು ತೆಗೆಯಬೇಕು, ಆಮೇಲೆ ಒಳಗೆ ನೋಡಬೇಕು. ಚಂದ್ರನ ದಾರಿಗೆ ಸರಿಯಾದ ಮುಹೂರ್ತವೂ ಅವತ್ತು ಇದ್ದದ್ದು ಕೆಲವೇ ನಿಮಿಷ.

ವಾಪಸ್ ಬರುವ ಬಸ್ಸಿನಲ್ಲಿ ಮಗಳು ಮಾತಾಡಲಿಲ್ಲ. ಕತ್ತಲೆಯಲ್ಲಿ ಸರೋವರ ದಾಟಿದ ಮೇಲೆ ಕೇಳಿದಳು, "ನಿಲ್ಸಿದ್ಯಾಕೆ? ಏನೂ ಆಗ್ತಿರ್ಲಿಲ್ವೇನೋ."

"ಲೇತ್ ಓಡ್ತಿರುವಾಗ ಸೌಂಡು ಒಂಚೂರು ಬದಲಾದ್ರೆ ನಾನೇನ್ ಮಾಡ್ತೀನಿ?"

"ಸ್ವಿಚ್ ಆಫ್ ಮಾಡ್ತೀಯ."

"ಜಾಬ್ ಕೆಟ್ಟಿದ್ಯೋ ಇಲ್ವೋ ಗೊತ್ತಿರಲ್ಲ. ಆದ್ರೂ ಆಫ್ ಮಾಡ್ತೀನಿ."

ಇದೇ ಶ್ರೀಹರಿಕೋಟಾದಲ್ಲಿ ಸ್ವಿಚ್ಚು ಆಫ್ ಮಾಡದೆ ಹೋದ ಒಂದು ದಿನವೂ ಇದೆ. 1979ರ ಆಗಸ್ಟ್ 10. ದೇಶದ ಮೊದಲ ಉಪಗ್ರಹ ವಾಹಕ ಎಸ್‌ಎಲ್‌ವಿ-3ರ ಮೊದಲ ಹಾರಾಟ. ಯೋಜನೆಯ ನಿರ್ದೇಶಕರು ಎ. ಪಿ. ಜೆ. ಅಬ್ದುಲ್ ಕಲಾಂ. ಕೊನೆಯ ಗಳಿಗೆಯಲ್ಲಿ ಕಂಪ್ಯೂಟರು ಮುಂದುವರಿಯಬೇಡಿ ಎಂದು ತಡೆಯಿತು, ಜೊತೆಗಿದ್ದ ತಜ್ಞರು ಪರವಾಗಿಲ್ಲ ಎಂದರು, ತಾನು ಕಂಪ್ಯೂಟರಿನ ಮಾತು ಮೀರಿ ಹಾರಿಸಿಬಿಟ್ಟೆ ಎಂದು ಕಲಾಂ ಮುಂದೆ ಎಷ್ಟೋ ಭಾಷಣಗಳಲ್ಲಿ ಹೇಳಿಕೊಂಡರು. ಎರಡನೆಯ ಹಂತದ ನಿಯಂತ್ರಣ ಕೆಟ್ಟು ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿತ್ತು. ಅವತ್ತು ಪತ್ರಕರ್ತರೆದುರು ಹೊಣೆ ಹೊತ್ತು ಕೂತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಎರಡನೆಯ ಪ್ರಯತ್ನ ಗೆದ್ದಾಗ ಪತ್ರಕರ್ತರೆದುರು ಮಾತಾಡಲು ಕಲಾಂ ಅವರನ್ನು ಕಳಿಸಿದವರೂ ಅವರೇ. ಧವನ್ ಬೆಂಗಳೂರಿನವರಿಗೆ ಹೊಸಬರಲ್ಲ. 1962ರಿಂದ ಸುಮಾರು ಎರಡು ದಶಕ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ನಿರ್ದೇಶಕರಾಗಿದ್ದವರು. ಶ್ರೀಹರಿಕೋಟಾದ ಕೇಂದ್ರಕ್ಕೆ 2002ರಲ್ಲಿ ಅವರದೇ ಹೆಸರಿಟ್ಟರು. 1979ರ ಆ ಸೋಲನ್ನು ನೆನೆದರೆ, ರಾಷ್ಟ್ರಪತಿಗಳು ಬಂದು ಕೂತಿರುವ ರಾತ್ರಿ, ಇಡೀ ದೇಶ ಟೀವಿ ಮುಂದಿರುವಾಗ, ಗಡಿಯಾರ ನಿಲ್ಲಿಸಲು ಎಷ್ಟು ಎದೆಗಾರಿಕೆ ಬೇಕು ಎಂಬುದು ಅರ್ಥವಾಗುತ್ತದೆ. ಆ ರಾತ್ರಿ ಗ್ಯಾಲರಿಯಲ್ಲಿದ್ದವರು ಏನನ್ನೂ ನೋಡದೆ ಬಂದರು ಎನ್ನುವುದು ಪೂರ್ತಿ ನಿಜವಲ್ಲ.

ಹೊಸ ದಿನಾಂಕ ಬೇಗನೇ ಬಂತು: ಜುಲೈ 22, ಮಧ್ಯಾಹ್ನ 2 ಗಂಟೆ 43 ನಿಮಿಷ. ಒಂದು ವಾರ ತಡವಾದರೂ ಚಂದ್ರನ ಮೇಲೆ ಇಳಿಯುವ ದಿನ ಬದಲಾಗಲಿಲ್ಲ. ಚಂದ್ರನ ಸುತ್ತ ಸುತ್ತುವ ದಿನಗಳನ್ನು ಕಡಿಮೆ ಮಾಡಿ ಸೆಪ್ಟೆಂಬರ್ 7ನ್ನೇ ಉಳಿಸಿಕೊಂಡರು. ಮನೆಯಲ್ಲಿ ಅಷ್ಟು ಸುಲಭದ ಹೊಂದಾಣಿಕೆ ಆಗಲಿಲ್ಲ. ಮತ್ತೆ ಸೋಮವಾರ, ಮತ್ತೆ ಶಾಲೆಗೆ ರಜೆ, ಮತ್ತೆ ರೈಲು ಚಾರ್ಜು. "ಈ ಸಲನಾದ್ರೂ ಹಾರ್ಸ್ತಾರಾ ಕೇಳ್ಕೊಂಡು ಹೋಗು" ಎಂದು ಅಜ್ಜಿ ಚಕ್ಕುಲಿ ಡಬ್ಬಿ ಕೊಟ್ಟರು. ಅದನ್ನು ಅನುಮತಿ ಎಂದೇ ತಿಳಿಯಬೇಕು.

ಈ ಸಲ ಬಿಸಿಲು, ಸೆಕೆ, ಮೇಲೆ ಮೋಡ. ಮಗಳು ಒಂದು ಯೋಜನೆ ಹಾಕಿಕೊಂಡು ಬಂದಿದ್ದಳು. ಬೆಳಕು ತಕ್ಷಣ ಬರುತ್ತದೆ, ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಬೆಂಕಿ ಕಂಡ ಕ್ಷಣದಿಂದ ಎಣಿಸಿದರೆ ರಾಕೆಟ್ಟು ಎಷ್ಟು ದೂರವಿದೆ ಎಂದು ತಾನೇ ಲೆಕ್ಕ ಹಾಕಬಹುದು. ಗುಡುಗು ಮಿಂಚಿನ ಪಾಠದಿಂದ ಬಂದ ಉಪಾಯ. ಗಡಿಯಾರ ಸೊನ್ನೆಗೆ ಬಂತು. ಮರಗಳಾಚೆ ಬಿಳಿ ಹೊಗೆ ಎದ್ದಿತು, ಅದರೊಳಗಿಂದ ಕಣ್ಣು ಕುಕ್ಕುವ ಬೆಂಕಿ ಮೇಲೆದ್ದಿತು, ಸಾವಿರಾರು ಜನ ಒಟ್ಟಿಗೆ ಕಿರುಚಿದರು. ಮಗಳ ಎಣಿಕೆ ನಾಲ್ಕಕ್ಕೋ ಐದಕ್ಕೋ ತಪ್ಪಿತು.

ವಿಚಿತ್ರವೆಂದರೆ ಆ ಹೊತ್ತಿನವರೆಗೂ ರಾಕೆಟ್ಟು ಮೂಕವಾಗಿಯೇ ಏರುತ್ತದೆ. ಕಿರುಚುವುದೆಲ್ಲ ಜನ. ಆಮೇಲೆ ಶಬ್ದ ಬಂದು ತಲುಪುತ್ತದೆ. ಕಿವಿಗೆ ಬರುವ ಮುಂಚೆ ಎದೆಗೆ, ಕಾಲಡಿಯ ಕಲ್ಲಿಗೆ. ಪಟಪಟನೆ ಒಡೆಯುವಂಥ, ಒಂದರ ಮೇಲೊಂದು ಬೀಳುವ ಶಬ್ದ. ಮೂವತ್ತು ವರ್ಷ ಮಷೀನುಗಳ ನಡುವೆ ಕಿವಿ ಸವೆಸಿಕೊಂಡ ಅಪ್ಪ ಕೂಡ ಒಂದು ಹೆಜ್ಜೆ ಹಿಂದೆ ಸರಿದ. ಯಾವ ಟೀವಿಯ ಸ್ಪೀಕರಿಗೂ ಆ ತಳದ ಗುಡುಗು ದಕ್ಕುವುದಿಲ್ಲ. ಅಜ್ಜಿಗೆ ಮಗಳು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು.

ರಾಕೆಟ್ಟು ಬೇಗನೇ ಮೋಡ ಹೊಕ್ಕು ಮರೆಯಾಯಿತು. ಶಬ್ದ ಮಾತ್ರ ಇನ್ನೂ ಬರುತ್ತಲೇ ಇತ್ತು. ಫೋನೆತ್ತಿ ಹಿಡಿದಿದ್ದವರು ಆಗ ಕೈ ಇಳಿಸಿ ಪರದೆಯಲ್ಲಿ ತಮ್ಮ ವಿಡಿಯೋ ನೋಡತೊಡಗಿದರು. ಎದುರಿಗಿದ್ದಾಗ ಫೋನಿನೊಳಗೆ ನೋಡಿ, ಹೋದ ಮೇಲೂ ಫೋನಿನೊಳಗೇ ನೋಡುವುದಕ್ಕೆ ಇಷ್ಟು ದೂರ ಬರಬೇಕೇ? ಹದಿನಾರು ನಿಮಿಷ ಕಳೆದ ಮೇಲೆ ನೌಕೆ ಬೇರ್ಪಟ್ಟ ಸುದ್ದಿ ಬಂತು. ಅಷ್ಟರಲ್ಲಿ ಅರ್ಧ ಗ್ಯಾಲರಿ ಬಸ್ಸಿನ ಕಡೆ ಓಡಿತ್ತು. ಯೋಜನೆಯ ನಿರ್ದೇಶಕಿ ಎಂ. ವನಿತಾ, ಮಿಷನ್ ನಿರ್ದೇಶಕಿ ರಿತು ಕರಿಧಾಲ್, ಇಬ್ಬರೂ ಹೆಂಗಸರು ಎಂಬುದನ್ನು ಮಗಳು ರೈಲಿನಲ್ಲಿ ಪಕ್ಕದ ಸೀಟಿನವರಿಗೆಲ್ಲ ಕೇಳಿಸುವಂತೆ ಓದಿ ಹೇಳಿದಳು.

ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಮೇಲೆ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನಿಂದ ಸುಮಾರು 2 ಕಿಲೋಮೀಟರ್ ಎತ್ತರದಲ್ಲಿದ್ದಾಗ ಸಂಕೇತ ನಿಂತುಹೋಯಿತು. ಅದನ್ನು ಕಾಯುತ್ತಿದ್ದವರು ಕೂತಿದ್ದದ್ದು ಪೀಣ್ಯದ ಇಸ್ಟ್ರಾಕ್‌ನಲ್ಲಿ, ಅಪ್ಪನ ವರ್ಕ್‌ಶಾಪಿನ ಆಸುಪಾಸಿನಲ್ಲೇ. ಸಂಕೇತ ಹಿಡಿಯುವ ದೊಡ್ಡ ಆಂಟೆನಾಗಳು ರಾಮನಗರದ ಕಡೆಯ ಬ್ಯಾಲಾಳಿನಲ್ಲಿ. ಟೀವಿ ಮುಂದೆ ಕೂತಿದ್ದ ಮಗಳು ಈ ಸಲ "ಯಾಕೆ" ಎಂದು ಕೇಳಲಿಲ್ಲ. "ಮತ್ತೆ ಯಾವಾಗ?" ಎಂದಳು. ಉತ್ತರ ಸಿಕ್ಕಿದ್ದು 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ, ಚಂದ್ರಯಾನ-3 ಇಳಿದಾಗ. ಅಷ್ಟರಲ್ಲಿ ಅವಳು ಎಂಟನೇ ತರಗತಿ. ಅದರ ಉಡಾವಣೆಗೆ ಹೋಗಲಾಗಲಿಲ್ಲ, ಟೆಸ್ಟ್ ಇತ್ತು.

ಲ್ಯಾಂಡರ್ ಒಡೆದರೂ ಚಂದ್ರಯಾನ-2ರ ಪರಿಭ್ರಮಕ ಕೆಡಲಿಲ್ಲ. ಒಂದು ವರ್ಷ ಎಂದು ಅಂದಾಜಿಸಿದ್ದ ಅದರ ಆಯುಷ್ಯ, ಉಡಾವಣೆ ಕರಾರುವಾಕ್ಕಾಗಿ ನಡೆದು ಇಂಧನ ಉಳಿದದ್ದರಿಂದ ಸುಮಾರು ಏಳು ವರ್ಷಕ್ಕೆ ಹಿಗ್ಗಿತು ಎಂದು ಇಸ್ರೋ ಹೇಳಿತು. 2023ರಲ್ಲಿ ಹೊಸ ಲ್ಯಾಂಡರ್ ಬಂದಾಗ ಅದರೊಂದಿಗೆ ಸಂಪರ್ಕ ಸಾಧಿಸಿದ್ದೂ ಇದೇ ಹಳೆಯ ನೌಕೆ. ಒಂದು ವಾರ ಕಾದು, ದೋಷ ಹುಡುಕಿ, ಸರಿಪಡಿಸಿ ಹಾರಿಸಿದ್ದರ ಫಲ ಇದು ಎಂದು ಅಪ್ಪ ಈಗಲೂ ಗಿರಾಕಿಗಳ ಮುಂದೆ ವಾದಿಸುತ್ತಾನೆ. ಡೆಲಿವರಿ ತಡವಾದಾಗ ಹೆಚ್ಚು ಜೋರಾಗಿ ವಾದಿಸುತ್ತಾನೆ.

ಮಕ್ಕಳನ್ನು ಕರೆದುಕೊಂಡು ಹೋಗಬೇಕೆನ್ನುವವರಿಗೆ ಇಷ್ಟು ಹೇಳಬಹುದು. ಎಲ್ಲ ಉಡಾವಣೆಗಳಿಗೂ ಗ್ಯಾಲರಿ ತೆರೆಯುವುದಿಲ್ಲ. ತೆರೆಯುವಾಗ ಇಸ್ರೋ ಕೆಲವು ದಿನ ಮುಂಚೆ ತಿಳಿಸುತ್ತದೆ, ತಿಳಿಸಿದ ಕೂಡಲೇ ಹೆಸರು ಕೊಡಬೇಕು. ಗುರುತಿನ ಚೀಟಿ ಮರೆಯಬೇಡಿ. ಫ್ಲೆಮಿಂಗೋ ಬೇಕಿದ್ದರೆ ಚಳಿಗಾಲದ ಉಡಾವಣೆ ನೋಡಿಕೊಳ್ಳಿ. ಹಿಂತಿರುಗುವ ಟಿಕೆಟ್ಟನ್ನು ಅದೇ ದಿನಕ್ಕೆ ಮಾಡಿಸಬೇಡಿ, ಒಂದೆರಡು ದಿನ ಬಿಡುವು ಇಟ್ಟುಕೊಳ್ಳಿ. 2023ರ ಅಕ್ಟೋಬರ್ 21ರಂದು ಗಗನಯಾನದ ಪರೀಕ್ಷಾ ರಾಕೆಟ್ಟು ಐದು ಸೆಕೆಂಡು ಬಾಕಿ ಇರುವಾಗ ನಿಂತು, ಕಾರಣ ಹುಡುಕಿ ಸರಿಪಡಿಸಿದ ಮೇಲೆ ಅದೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹಾರಿತು. ನಿಂತಿತೆಂದು ಎದ್ದು ಹೊರಟವರಿಗೆ ಅದು ತಪ್ಪಿತು.